‘ಇದು ನಮ್ಮ ಕಾಸರಗೋಡಾ?’: ರಿಷಬ್ ಶೆಟ್ಟಿ ಚಿತ್ರಗಳ ಬಗ್ಗೆ ಗಡಿಯಾಚೆಯ ಭಿನ್ನಾಭಿಪ್ರಾಯಗಳು

(ಆನ್‌ಲೈನ್ ವಿಚಾರ ಸಂಕಿರಣದಲ್ಲಿ ಮಾಡಿದ ಉಪನ್ಯಾಸದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟು ಹಾಗೆಯೇ ಉಳಿಸಿಕೊಳ್ಳಲಾಗಿದೆ.)

ಅಧ್ಯಾಪಕ ಮಿತ್ರರೇ, ವಿದ್ಯಾರ್ಥಿಗಳೇ, ಹೊಸೂರು, ಜತ್ತ, ಆದವಾನಿ ಕಡೆಯಿಂದ ಸೇರಿಕೊಂಡವರೇ, ನನ್ನ ವಿಷಯ ಸಿನಿಮಾ. ಆದರೆ ಕ್ಯಾಮೆರಾ, ಸಂಕಲನ, ಬೆಳಕು ಇವುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಒಬ್ಬ ಹೆಸರಾಂತ ನಿರ್ದೇಶಕನ ಚಿತ್ರಗಳ ಬಗ್ಗೆ ಗಡಿಯ ಈಚೆಗೆ ಒಂದು ಬಗೆಯ ಜಗಳ, ಆಚೆಗೆ ಇನ್ನೊಂದು ಬಗೆಯ ಜಗಳ ಯಾಕೆ ನಡೆಯುತ್ತದೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ರಿಷಬ್ ಶೆಟ್ಟಿ ಕುಂದಾಪುರದ ಕೆರಾಡಿಯವರು. 2016ರಲ್ಲಿ ‘ರಿಕ್ಕಿ’, ಅದೇ ವರ್ಷದ ಕೊನೆಗೆ ‘ಕಿರಿಕ್ ಪಾರ್ಟಿ’, 2018ರಲ್ಲಿ ‘ಸರ್ಕಾರಿ ಹಿ. ಪ್ರಾ. ಶಾಲೆ, ಕಾಸರಗೋಡು, ಕೊಡುಗೆ: ರಾಮಣ್ಣ ರೈ’, 2022ರಲ್ಲಿ ‘ಕಾಂತಾರ’, 2025ರಲ್ಲಿ ‘ಕಾಂತಾರ: ಅಧ್ಯಾಯ 1’. ಬೆಂಗಳೂರಿನ ಚರ್ಚೆಯಲ್ಲಿ ಇವರ ಬಗ್ಗೆ ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇದು ಕಲೆಯೋ, ಕಮರ್ಷಿಯಲ್ ಸಿನಿಮಾವೋ? ಕಾಸರಗೋಡಿನಲ್ಲಿ ಆ ಪ್ರಶ್ನೆ ಯಾರೂ ಕೇಳಿದ್ದನ್ನು ನಾನು ಕೇಳಿಲ್ಲ. ಇಲ್ಲಿಯ ಪ್ರಶ್ನೆ, ‘ಇದು ನಾವಾ?’ ಅಂತ. ಮೊದಲನೆಯದಕ್ಕೆ ಅಭಿರುಚಿ ಸಾಕು. ಎರಡನೆಯದಕ್ಕೆ ಊರಿನ ಲೆಕ್ಕಾಚಾರ ಬೇಕು.

ಶಾಲೆಯ ಚಿತ್ರದಿಂದ ಶುರುಮಾಡೋಣ. ನನ್ನ ಮಾತಿನ ಮುಕ್ಕಾಲು ಪಾಲು ಅಲ್ಲಿಯೇ ಉಂಟು.

ಕತೆ ಹೆಚ್ಚಿನವರಿಗೆ ಗೊತ್ತು. ಕಾಸರಗೋಡಿನ ಒಂದು ಕನ್ನಡ ಶಾಲೆ. ಅಲ್ಲಿಗೆ ಗಣಿತ ಕಲಿಸಲು ಕನ್ನಡ ಬಾರದ ಮಲಯಾಳಿ ಮೇಷ್ಟ್ರು ಬರುತ್ತಾರೆ. ಮಕ್ಕಳಿಗೆ ಒಂದಕ್ಷರ ಅರ್ಥವಾಗುವುದಿಲ್ಲ. ಆಮೇಲೆ ಶಾಲೆಯನ್ನೇ ಮುಚ್ಚುವ ಹಂತ ಬರುತ್ತದೆ. ಮಕ್ಕಳು ಮೈಸೂರಿಗೆ ಹೋಗಿ ಅನಂತ ನಾಗ್ ಅವರ ಪಾತ್ರವನ್ನು ಕರೆದುತರುತ್ತಾರೆ, ಕೊನೆಗೆ ನ್ಯಾಯಾಲಯದಲ್ಲಿ ದೊಡ್ಡ ವಾದ ನಡೆಯುತ್ತದೆ. ಚಿತ್ರಕ್ಕೆ 66ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಮಕ್ಕಳ ಚಿತ್ರದ ಗೌರವ ಸಿಕ್ಕಿತು.

ಮೊದಲು ಮೆಚ್ಚಿದವರ ಮಾತು. 1956ರ ನವೆಂಬರ್ 1ರಂದು, ಅದುವರೆಗೆ ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ಕಾಸರಗೋಡು ಕೇರಳಕ್ಕೆ ಹೋಯಿತು. 1967ರ ಮಹಾಜನ ಆಯೋಗದ ವರದಿ ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಸೇರಬೇಕು ಅಂದಿತು, ಆದರೆ ಅದು ಜಾರಿಯಾಗಲಿಲ್ಲ. ಮುಂದೆ 1984ರಲ್ಲಿ ಕಾಸರಗೋಡು ಪ್ರತ್ಯೇಕ ಜಿಲ್ಲೆಯಾಯಿತು. ಇಷ್ಟು ವರ್ಷ ಕರ್ನಾಟಕದ ಸಾಮಾನ್ಯ ಪ್ರೇಕ್ಷಕನಿಗೆ ಕಾಸರಗೋಡು ಅಂದರೆ ನವೆಂಬರ್ ತಿಂಗಳ ಭಾಷಣದ ಒಂದು ವಾಕ್ಯ, ಅದೂ ಬೆಳಗಾವಿಯ ನಂತರ. ಆ ಹೆಸರು ಪೋಸ್ಟರಿನಲ್ಲಿ ದಪ್ಪ ಅಕ್ಷರದಲ್ಲಿ ಬಂದದ್ದೇ ದೊಡ್ಡ ವಿಷಯ ಅನ್ನುತ್ತಾರೆ ಹಿರಿಯರು. ಶೀರ್ಷಿಕೆಯ ‘ರಾಮಣ್ಣ ರೈ’ ಎಂಬ ಹೆಸರಿಗೂ ಇಲ್ಲಿ ಬೇರೆ ಪ್ರತಿಧ್ವನಿ ಉಂಟು. ಅದೇ ಹೆಸರಿನ ಕನ್ನಡಿಗರೊಬ್ಬರು ಎಡಪಕ್ಷದಿಂದ ಕಾಸರಗೋಡಿನ ಲೋಕಸಭಾ ಸದಸ್ಯರಾಗಿದ್ದರು. ನಿರ್ದೇಶಕರು ಅದನ್ನು ಉದ್ದೇಶಿಸಿದರೋ ಇಲ್ಲವೋ, ನಮ್ಮಲ್ಲಿ ಆ ಹೆಸರು ಕೇಳಿ ಒಂದು ಕ್ಷಣ ತಲೆ ಎತ್ತಿದವರು ಇದ್ದಾರೆ.

ಇನ್ನು ಗಣಿತದ ಪಾಠದ ದೃಶ್ಯ. ಬೆಂಗಳೂರಿನಲ್ಲಿ ಅದು ಹಾಸ್ಯ. ಇಲ್ಲಿ ಅದು ವರದಿ. ಹೊರಗಿನವರಿಗೆ ಸ್ವಲ್ಪ ವಿವರಿಸಬೇಕು. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳು ಓದುವುದು ಕೇರಳದ ಪಠ್ಯಕ್ರಮ, ಪಠ್ಯಪುಸ್ತಕ ಮಾತ್ರ ಕನ್ನಡದಲ್ಲಿ. ಸರ್ಕಾರಿ ಶಾಲೆಗೆ ಶಿಕ್ಷಕರು ಬರುವುದು ಕೇರಳದ ಪಿ.ಎಸ್.ಸಿ. ಮೂಲಕ. ಕನ್ನಡ ಮಾಧ್ಯಮದ ಹುದ್ದೆಗೆ ಕನ್ನಡ ಬಲ್ಲವರೇ ಬರಬೇಕು ಅನ್ನುವುದು ಬೇಡಿಕೆ, ನಿಯಮದ ಆಶಯವೂ ಅದೇ. ಆದರೆ ‘ಕನ್ನಡ ಬಲ್ಲವರು’ ಅಂದರೆ ಯಾರು? ಒಂದು ಪ್ರಮಾಣಪತ್ರ ಇದ್ದವರಾ, ಅಥವಾ ಭಿನ್ನರಾಶಿಯನ್ನು ಏಳನೇ ತರಗತಿಯ ಮಗುವಿಗೆ ಕನ್ನಡದಲ್ಲಿ ಹೇಳಿಕೊಡಬಲ್ಲವರಾ? ಜಗಳ ಇರುವುದು ಈ ಎರಡರ ನಡುವಿನ ಸಂದಿನಲ್ಲಿ. ಚಿತ್ರ ಬಂದ ನಂತರದ ವರ್ಷಗಳಲ್ಲೂ ಕನ್ನಡ ತಿಳಿಯದ ಶಿಕ್ಷಕರ ನೇಮಕದ ವಿರುದ್ಧ ಪೋಷಕರು, ಮಕ್ಕಳು ಪ್ರತಿಭಟನೆ ಮಾಡಿದ್ದುಂಟು. ಹಾಗಾಗಿ ಆ ದೃಶ್ಯಕ್ಕೆ ನಗುವಾಗ ನಮ್ಮವರು ಪಕ್ಕದವರ ಮುಖವನ್ನೂ ನೋಡುತ್ತಾರೆ.

ಈಗ ಒಪ್ಪದವರ ಮಾತು. ಇವರಲ್ಲಿ ಮೂರ್ನಾಲ್ಕು ಬಗೆಯವರು ಇದ್ದಾರೆ, ಎಲ್ಲರನ್ನೂ ಒಂದೇ ಬುಟ್ಟಿಗೆ ಹಾಕಬಾರದು.

ಒಂದು ಗುಂಪಿನ ಆಕ್ಷೇಪ ಮಲಯಾಳಿ ಶಿಕ್ಷಣಾಧಿಕಾರಿಯ ಚಿತ್ರಣದ ಬಗ್ಗೆ. ಆತ ಒಬ್ಬ ಕಾರ್ಟೂನ್ ಖಳನಾಯಕ. ಇದನ್ನು ಹೇಳುವವರು ಮಲಯಾಳಿಗಳು ಮಾತ್ರ ಅಂದುಕೊಳ್ಳಬೇಡಿ. ಮಲಯಾಳಿ ನೆರೆಮನೆಯವರ ಜೊತೆ ಮದುವೆ, ಮರಣ, ಸಹಕಾರಿ ಬ್ಯಾಂಕಿನ ಸಾಲ ಎಲ್ಲವನ್ನೂ ಹಂಚಿಕೊಂಡು ಬದುಕುವ ಕನ್ನಡಿಗರೇ ಇದನ್ನು ಹೆಚ್ಚು ಹೇಳುತ್ತಾರೆ. ನಾನು ಇವರ ಪಕ್ಷ. ಆದರೆ ನನ್ನ ಕಾರಣ ಸೌಜನ್ಯ ಅಲ್ಲ. ಖಳನಾಯಕ ಬಂದ ಕೂಡಲೇ ಸಮಸ್ಯೆ ಸುಲಭವಾಗಿಬಿಡುತ್ತದೆ: ಅವನನ್ನು ಸೋಲಿಸಿದರೆ ಮುಗಿಯಿತು. ವಾಸ್ತವದಲ್ಲಿ ನಮ್ಮ ಮೇಲೆ ದ್ವೇಷ ಇರುವ ಅಧಿಕಾರಿ ಅಪರೂಪ. ಇರುವುದು ಒಂದು ಸುತ್ತೋಲೆ. ಅದನ್ನು ತಿರುವನಂತಪುರದಲ್ಲಿ ಯಾರೋ ಇಡೀ ರಾಜ್ಯಕ್ಕೆ ಅಂತ ಬರೆದಿರುತ್ತಾರೆ. ಬರೆಯುವಾಗ ಅವರಿಗೆ ಮಂಜೇಶ್ವರ ನೆನಪಾಗಿರುವುದಿಲ್ಲ, ಅಷ್ಟೆ. 2017ರ ಮಲಯಾಳಂ ಭಾಷಾ ಕಲಿಕೆಯ ಕಾನೂನು ಬಂದಾಗ ಇಲ್ಲಿ ಆತಂಕ ಹುಟ್ಟಿದ್ದೂ ಹೀಗೆಯೇ. ಮಲಯಾಳಂ ನಾಡಿನಲ್ಲಿ ಮಲಯಾಳಂ ಕಲಿಯಬೇಕು ಅನ್ನುವುದು ಕೊಲ್ಲಂನಲ್ಲಿ ಕೂತವರಿಗೆ ಎಷ್ಟು ಸಹಜ! ಮರೆವು ಮಾಡುವ ಗಾಯಕ್ಕೆ ಯಾರ ಮುಖವನ್ನೂ ಅಂಟಿಸಲು ಬರುವುದಿಲ್ಲ. ಸಿನಿಮಾಕ್ಕೆ ಮುಖ ಬೇಕು, ಹಾಗಾಗಿ ಅದು ಒಂದನ್ನು ತಯಾರಿಸಿಕೊಂಡಿತು.

ಎರಡನೆಯ ಆಕ್ಷೇಪ, ಉದ್ಧಾರಕ ಯಾಕೆ ಮೈಸೂರಿನಿಂದಲೇ ಬರಬೇಕು ಅಂತ. ಕಾಸರಗೋಡಿನ ಕನ್ನಡ ಹೋರಾಟಕ್ಕೆ ಸ್ವಂತ ಚರಿತ್ರೆ ಉಂಟು. ಕಯ್ಯಾರ ಕಿಞ್ಞಣ್ಣ ರೈಗಳು ಸ್ವತಃ ಶಾಲಾ ಮೇಷ್ಟ್ರು, ನೂರು ವರ್ಷ ಬದುಕಿ ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಇದೇ ಮಾತು ಹೇಳಿದವರು. ಅವರಂಥವರ ಊರಿನಲ್ಲಿ ವಾದ ಮಾಡಲು ಒಬ್ಬ ಸ್ಥಳೀಯ ವಕೀಲ ಸಿಗಲಿಲ್ಲವಾ ಅಂತ ಕೇಳುವವರಿಗೆ ಉತ್ತರ ಕೊಡುವುದು ಕಷ್ಟ. ಆದರೂ ನನಗೆ ಈ ಆಕ್ಷೇಪ ಅರ್ಧ ಮಾತ್ರ ಒಪ್ಪಿಗೆ. ಚಿತ್ರದ ಮಕ್ಕಳು ಮೈಸೂರನ್ನು ನೋಡುವ ಬಗೆಯಲ್ಲಿ ಒಂದು ಸತ್ಯ ಉಂಟು. ಗಡಿನಾಡಿನ ಮಗುವಿಗೆ ಕರ್ನಾಟಕ ಅನ್ನುವುದು ಪಠ್ಯದ ಹೊರಗಿನ, ಆದರೆ ಪದ್ಯದ ಒಳಗಿನ ಊರು. ಅಲ್ಲಿ ಯಾರೋ ನಮ್ಮವರು ಇದ್ದಾರೆ ಎಂಬ ನಂಬಿಕೆಯನ್ನು ಚಿತ್ರ ಹಾಸ್ಯ ಮಾಡುತ್ತಲೇ ಪ್ರೀತಿಯಿಂದ ತೋರಿಸುತ್ತದೆ.

ಮೂರನೆಯದು ಒಂದು ಕೊಂಕು. ಕಾಸರಗೋಡಿನ ಶಾಲೆ ಅಂತ ತೋರಿಸಿದ್ದು ದಕ್ಷಿಣ ಕನ್ನಡದ ಕೈರಂಗಳದ ಶಾಲೆ. ಅಂದರೆ ತಲಪಾಡಿಯ ಈಚೆಗಿನ ಕತೆಗೆ ತಲಪಾಡಿಯ ಆಚೆಗಿನ ಕಟ್ಟಡ. ಸಿನಿಮಾದವರು ಎಲ್ಲಿ ಬೇಕಾದರೂ ಚಿತ್ರೀಕರಿಸಬಹುದು, ಅದರಲ್ಲಿ ತಪ್ಪಿಲ್ಲ. ಆಮೇಲೆ ನಿರ್ದೇಶಕರು ಆ ಶಾಲೆಯನ್ನು ದತ್ತು ತೆಗೆದುಕೊಂಡರು, ಅದು ಒಳ್ಳೆಯ ಕೆಲಸವೇ. ಆದರೆ ಕಾಸರಗೋಡಿನ ಹೆಸರಲ್ಲಿ ಬಂದ ಬಣ್ಣ ಕರ್ನಾಟಕದ ಗೋಡೆಗೆ ಬಳಿಯಲಾಯಿತಲ್ಲ ಅಂತ ನಮ್ಮವರು ತಮಾಷೆ ಮಾಡಿದರೆ ಬೇಸರ ಪಡಬಾರದು ಮಾರಾಯ್ರೆ. ಗಡಿಯ ಜನರಿಗೆ ಇಂಥ ತಮಾಷೆ ಅಭ್ಯಾಸ.

ನನ್ನ ಮಟ್ಟಿಗೆ ಮುಖ್ಯವಾದ ಆಕ್ಷೇಪ ನಾಲ್ಕನೆಯದು. ಅದನ್ನು ಯಾರೂ ಜೋರಾಗಿ ಹೇಳುವುದಿಲ್ಲ. ಚಿತ್ರದಲ್ಲಿ ಕನ್ನಡ ಶಾಲೆಯ ಶತ್ರು ಹೊರಗಿನಿಂದ ಬರುತ್ತಾನೆ. ಒಳಗಿನ ಕಾರಣ ಎಲ್ಲಿ? ಕನ್ನಡಕ್ಕಾಗಿ ಸಹಿ ಹಾಕಿದ ಕೈ, ಜೂನ್ ತಿಂಗಳಲ್ಲಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಕರೆದುಕೊಂಡು ಹೋಗುತ್ತದೆ. ಮಗುವಿಗೆ ಮುಂದೆ ಕೇರಳದಲ್ಲೇ ಕೆಲಸ ಬೇಕು ಅಂದರೆ ಮಲಯಾಳಂ ಬೇಕು, ಹೊರಗೆ ಹೋಗುವುದಾದರೆ ಇಂಗ್ಲಿಷ್ ಬೇಕು. ಕನ್ನಡ ಯಾವುದಕ್ಕೆ ಅಂತ ತಾಯಿ ಕೇಳಿದರೆ ಅದು ದ್ರೋಹ ಅಲ್ಲ, ಲೆಕ್ಕ. ಈ ತಾಯಿ ಚಿತ್ರದಲ್ಲಿ ಇಲ್ಲ. ಅವಳಿದ್ದಿದ್ದರೆ ನ್ಯಾಯಾಲಯದ ವಾದ ಅಷ್ಟು ಸುಲಭಕ್ಕೆ ಗೆಲ್ಲುತ್ತಿರಲಿಲ್ಲ.

ಇಲ್ಲಿ ಇನ್ನೊಂದು ಸೂಕ್ಷ್ಮ ಉಂಟು. ಬೇರೆ ಗಡಿಗಳಿಂದ ಬಂದವರು ದಯವಿಟ್ಟು ಗಮನಿಸಿ. ಜತ್ತ, ಅಕ್ಕಲಕೋಟೆಯಲ್ಲಿ ಬಹಳ ಮನೆಗಳಲ್ಲಿ ಕನ್ನಡವೇ ಮನೆಮಾತು. ತಾಳವಾಡಿಯಲ್ಲೂ ಹಾಗೆಯೇ. ಅಲ್ಲಿ ಶಾಲೆ ಮುಚ್ಚಿದರೆ ಅಕ್ಷರ ಹೋಗುತ್ತದೆ, ಮಾತು ಉಳಿಯುತ್ತದೆ. ಕಾಸರಗೋಡಿನ ಉತ್ತರ ಭಾಗದಲ್ಲಿ ಒಂದು ತರಗತಿಯ ಮಕ್ಕಳ ಮನೆಮಾತು ಕೇಳಿ ನೋಡಿ: ತುಳು, ಮಲಯಾಳಂ, ಬ್ಯಾರಿ, ಕೊಂಕಣಿ, ಮರಾಠಿ, ಹವ್ಯಕ. ಕನ್ನಡ ಇವರೆಲ್ಲ ಕೂಡುವ ಅಂಗಳ. ಹವ್ಯಕರನ್ನು ಬಿಟ್ಟರೆ ಹೆಚ್ಚಿನವರಿಗೆ ಕನ್ನಡ ಅಂದರೆ ಶಾಲೆಯ ಭಾಷೆ, ಯಕ್ಷಗಾನದ ಭಾಷೆ, ಮದುವೆ ಕಾಗದದ ಭಾಷೆ. ಮಂಜೇಶ್ವರದ ಗೋವಿಂದ ಪೈಗಳ ಮನೆಮಾತೇ ಕೊಂಕಣಿ. ಅಂದಮೇಲೆ ಇಲ್ಲಿ ಶಾಲೆ ಮುಚ್ಚಿದರೆ ಮನೆಗೆ ಹಿಂತಿರುಗಲು ಕನ್ನಡಕ್ಕೆ ಮನೆಯೇ ಇಲ್ಲ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ‘ಮಾತೃಭಾಷೆ’ಯಲ್ಲಿ ಕಲಿಯುವ ಸೌಲಭ್ಯದ ಬಗ್ಗೆ ಹೇಳುತ್ತದೆ. ನಮ್ಮ ಮಕ್ಕಳ ಮಾತೃಭಾಷೆ ಯಾವುದು ಅಂತ ಎದುರಿನ ವಕೀಲ ಕೇಳಿದರೆ ಏನು ಹೇಳೋಣ? ಚಿತ್ರ ಈ ಪ್ರಶ್ನೆಯ ಹತ್ತಿರ ಸುಳಿಯುವುದಿಲ್ಲ. ಮಕ್ಕಳೆಲ್ಲ ಸೊಗಸಾದ ಕರಾವಳಿ ಕನ್ನಡ ಮಾತಾಡುತ್ತಾರೆ. ‘ಮಮ್ಮೂಟಿ’ ಎಂಬ ಹೆಸರಿನ ಹುಡುಗ ಇದ್ದಾನೆ, ನಗು ಬರುತ್ತದೆ, ಅಲ್ಲಿಗೆ ಬಹುಭಾಷೆಯ ವಿಷಯ ಮುಗಿಯುತ್ತದೆ.

ಇಷ್ಟೆಲ್ಲ ಹೇಳಿದರೂ, ‘ಗಂಭೀರ ಸಮಸ್ಯೆಯನ್ನು ತಮಾಷೆ ಮಾಡಿದರು’ ಎಂಬ ದೂರನ್ನು ನಾನು ಒಪ್ಪುವುದಿಲ್ಲ. ಗಂಭೀರವಾಗಿ ಬರೆದ ಮನವಿಪತ್ರಗಳ ಕಟ್ಟು ನಮ್ಮಲ್ಲಿ ಬೇಕಾದಷ್ಟು ಉಂಟು.

ಇನ್ನು ‘ಕಾಂತಾರ’. 2022ರ ಸೆಪ್ಟೆಂಬರ್ 30ಕ್ಕೆ ಬಂತು. ಮೂರು ವಾರದೊಳಗೆ ಮಲಯಾಳಂ ಆವೃತ್ತಿಯೂ ಬಂತು. ಅಂದರೆ ಒಂದೇ ಮನೆಯಲ್ಲಿ ಅಪ್ಪ ಅಮ್ಮ ತಲಪಾಡಿ ದಾಟಿ ಮಂಗಳೂರಿನಲ್ಲಿ ಕನ್ನಡದಲ್ಲಿ ನೋಡಿದರೆ ಮಗ ಗೆಳೆಯರ ಜೊತೆ ಮಲಯಾಳಂನಲ್ಲಿ ನೋಡಬಹುದಾಗಿತ್ತು. ಮುಂದೆ ತುಳುವಿನಲ್ಲೂ ಬಂತು.

ಇದರ ಬಗ್ಗೆ ದೇಶವ್ಯಾಪಿ ನಡೆದ ಚರ್ಚೆ ನಿಮಗೆ ಗೊತ್ತು: ಭೂತಾರಾಧನೆ ಹಿಂದೂ ಸಂಸ್ಕೃತಿಯ ಭಾಗವೇ, ಅದಕ್ಕಿಂತ ಹಳೆಯದೇ? ದೈವವನ್ನು ಪರದೆಯ ಮೇಲೆ ತರಬಹುದೇ? ನಾಯಕ ಹೆಣ್ಣಿನ ಜೊತೆ ನಡೆದುಕೊಳ್ಳುವ ಬಗೆ ಸರಿಯೇ? ಕೊನೆಯದಕ್ಕೆ ನನ್ನ ಉತ್ತರ ಚಿಕ್ಕದು: ಸರಿಯಲ್ಲ. ಮೊದಲನೆಯದಕ್ಕೆ ಕುಂಬಳೆಯ ಹತ್ತಿರದ ಆರಿಕ್ಕಾಡಿಗೆ ಹೋಗಿ ಅನ್ನುತ್ತೇನೆ. ಅಲ್ಲಿ ಆಲಿ ಎಂಬ ದೈವ ಉಂಟು. ಹೆಸರೇ ಹೇಳುವ ಹಾಗೆ ಮುಸ್ಲಿಂ ಮೂಲದ ದೈವ. ಟಿ.ವಿ. ಚರ್ಚೆಯ ಎರಡು ಪಕ್ಷದವರಿಗೂ ಆಲಿ ಭೂತ ಅನುಕೂಲವಲ್ಲ, ಹಾಗಾಗಿ ಇಬ್ಬರೂ ಅದರ ಹೆಸರೆತ್ತುವುದಿಲ್ಲ.

ಕಾಸರಗೋಡಿನ ವಿಶೇಷ ಚರ್ಚೆ ಭಾಷೆಯದ್ದು. ‘ತುಳುನಾಡಿನ ದೈವವನ್ನು ಕನ್ನಡದಲ್ಲಿ ಮಾರಿದರು’ ಅಂತ ತುಳು ಅಭಿಮಾನಿಗಳ ದೂರು. ಈ ದೂರಿನಲ್ಲಿ ನೋವು ನಿಜ, ಭೂಗೋಳ ಸ್ವಲ್ಪ ತಪ್ಪು. ನಿರ್ದೇಶಕರ ಕುಂದಾಪುರ ಸೀಮೆಯಲ್ಲಿ ಮನೆಮಾತು ಕುಂದಗನ್ನಡ, ಅಲ್ಲಿಯೂ ದೈವಗಳಿವೆ, ಅವುಗಳ ಜೊತೆಗಿನ ವ್ಯವಹಾರ ಕನ್ನಡದಲ್ಲೇ ನಡೆಯುತ್ತದೆ. ಇನ್ನು ನಮ್ಮ ಕಡೆ ಬನ್ನಿ. ಚಂದ್ರಗಿರಿಯ ಉತ್ತರಕ್ಕೆ ಕೋಲ, ಪಾಡ್ದನ, ತುಳು. ದಕ್ಷಿಣಕ್ಕೆ ತೆಯ್ಯಂ, ತೋಟ್ಟಂ, ಮಲಯಾಳಂ. ಆ ಕಡೆ ಕಟ್ಟುವವರು ನಲಿಕೆ, ಪಂಬದ, ಪರವರಾದರೆ ಈ ಕಡೆ ವಣ್ಣಾನ್, ಮಲಯನ್ ಸಮುದಾಯದವರು. ಆದರೆ ಗುಳಿಗ ಎರಡೂ ಕಡೆ ಉಂಟು, ಅಲ್ಲಿ ಗುಳಿಗನ್ ಆಗುತ್ತಾನೆ. ಪಂಜುರ್ಲಿಯೂ ಹೊಳೆ ದಾಟಿದ್ದಾಳೆ. ನಾನು ‘ದಾಟಿದ್ದಾಳೆ’ ಅಂದೆ, ನಿಮ್ಮಲ್ಲಿ ಕೆಲವರು ‘ದಾಟಿದ್ದಾನೆ’ ಅನ್ನುತ್ತೀರಿ, ಅದೂ ಊರಿಂದೂರಿಗೆ ಬದಲಾಗುತ್ತದೆ. ಬ್ರಹ್ಮಾವರದಿಂದ ನೀಲೇಶ್ವರದವರೆಗೆ ಒಂದೇ ದೈವ ಮೂರು ಭಾಷೆಯಲ್ಲಿ ನುಡಿ ಕೊಡುತ್ತದೆ ಅಂದಮೇಲೆ, ಅದರ ನಂಟು ಭಾಷೆಗಿಂತ ಹೆಚ್ಚು ಸ್ಥಾನದ ಜೊತೆ, ಗಡಿಯ ಜೊತೆ, ಗುತ್ತಿನ ಜೊತೆ.

ಹಾಗಾಗಿ ‘ವರಾಹ ರೂಪಂ’ ಹಾಡಿನ ವಿವಾದ ಇಲ್ಲಿ ವಿಚಿತ್ರವಾಗಿ ಕೇಳಿಸಿತು. ಕೇರಳದ ತೈಕ್ಕುಡಂ ಬ್ರಿಡ್ಜ್ ತಂಡ ತಮ್ಮ ‘ನವರಸಂ’ ಹಾಡಿನ ನಕಲು ಇದು ಅಂತ ಕೋರ್ಟಿಗೆ ಹೋಯಿತು, ಕಲ್ಲಿಕೋಟೆಯ ನ್ಯಾಯಾಲಯ ತಡೆ ಕೊಟ್ಟಿತು. ಒ.ಟಿ.ಟಿ.ಯಲ್ಲಿ ಚಿತ್ರ ಬಂದಾಗ ಹಾಡಿನ ಧಾಟಿಯೇ ಬೇರೆ ಇತ್ತು. ಬೆಂಗಳೂರಿನಲ್ಲಿ ಅದು ಕನ್ನಡ–ಮಲಯಾಳಂ ಪಂದ್ಯವಾಯಿತು. ಇಲ್ಲಿ ಎರಡೂ ಹಾಡನ್ನು ಮೊದಲೇ ಕೇಳಿದ್ದ ಹುಡುಗರು ಯಾವ ತಂಡಕ್ಕೆ ಸೇರಬೇಕು ಅಂತ ತಿಳಿಯದೆ ಸುಮ್ಮನಾದರು.

ನನಗೆ ‘ಕಾಂತಾರ’ದಲ್ಲಿ ಕಾಡುವುದು ಭೂಮಿಯ ಪ್ರಶ್ನೆ. ಅರಸು ಕೊಟ್ಟ ಜಾಗವನ್ನು ಅವನ ವಂಶದವರು ವಾಪಸ್ ಕೇಳುತ್ತಾರೆ, ಕೋರ್ಟಿಗೆ ಹೋಗುತ್ತೇನೆ ಅಂದವನ ತೀರ್ಮಾನ ಕೋರ್ಟಿನ ಮೆಟ್ಟಿಲಲ್ಲೇ ಆಗುತ್ತದೆ. ಗಮನಿಸಿ, ಅದೇ ನಿರ್ದೇಶಕ ನಾಲ್ಕು ವರ್ಷ ಹಿಂದೆ ಮಕ್ಕಳನ್ನು ಕೋರ್ಟಿನ ಒಳಗೆ ಕರೆದುಕೊಂಡು ಹೋಗಿ ನ್ಯಾಯ ಕೊಡಿಸಿದ್ದರು. ಇಲ್ಲಿ ಮೆಟ್ಟಿಲು ಹತ್ತಲೂ ಬಿಡುವುದಿಲ್ಲ. ಮೆಚ್ಚಿದವರು ಇದನ್ನು ಜನರ ನ್ಯಾಯ ಅನ್ನುತ್ತಾರೆ. ಒಪ್ಪದವರು, ಭೂಮಿಯ ಹಕ್ಕನ್ನು ಪವಾಡಕ್ಕೆ ಬಿಟ್ಟುಕೊಟ್ಟರು ಅನ್ನುತ್ತಾರೆ. ಕಾಸರಗೋಡಿನ ನೆಲದಲ್ಲಿ ನಿಂತು ನೋಡಿದರೆ ಎರಡನೆಯವರ ಮಾತಿಗೆ ತೂಕ ಜಾಸ್ತಿ. ನಮ್ಮ ಜಿಲ್ಲೆಯ ಕಯ್ಯೂರಿನಲ್ಲಿ 1941ರಲ್ಲಿ ರೈತರು ಎದ್ದರು. 1943ರ ಮಾರ್ಚ್ 29ರಂದು ನಾಲ್ವರನ್ನು ಗಲ್ಲಿಗೇರಿಸಲಾಯಿತು. ಅವರ ಕತೆಯನ್ನು ನಿರಂಜನರು ಕನ್ನಡದಲ್ಲಿ ‘ಚಿರಸ್ಮರಣೆ’ಯಾಗಿ ಬರೆದರು. ಅಲ್ಲಿ ಗುಳಿಗ ಬಂದು ಜಮೀನ್ದಾರನನ್ನು ತುಳಿಯಲಿಲ್ಲ. ಸಂಘ ಕಟ್ಟಿದರು, ಸತ್ತರು. ಮುಂದೆ 1970ರ ಜನವರಿ 1ರಿಂದ ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಯಿತು. ಕರ್ನಾಟಕದಲ್ಲಿ 1974ರಲ್ಲಿ. ‘ಕಾಂತಾರ’ದ ಕತೆ ಒಂದು ಹೆಜ್ಜೆಯನ್ನು 1970ರಲ್ಲೂ ಮುಖ್ಯ ಹೆಜ್ಜೆಯನ್ನು 1990ರಲ್ಲೂ ಇಡುತ್ತದೆ. ಆದರೆ ಗೇಣಿ, ಡಿಕ್ಲರೇಶನ್, ಭೂನ್ಯಾಯ ಮಂಡಳಿ ಎಂಬ ಶಬ್ದಗಳ ನೆನಪೇ ಆ ಊರಿಗೆ ಇಲ್ಲ. ಕರಾವಳಿಯ ಎರಡೂ ಕಡೆಯ ಒಕ್ಕಲು ಮನೆಗಳಲ್ಲಿ ದೈವದ ನುಡಿಯ ಜೊತೆಗೆ ಈ ಶಬ್ದಗಳೂ ಓಡಾಡಿಕೊಂಡಿದ್ದವು. ದೈವಕ್ಕೂ ಕೈಮುಗಿದು, ಡಿಕ್ಲರೇಶನ್ನಿಗೂ ಅರ್ಜಿ ಹಾಕಿದ ಜನ ನಾವು. ಚಿತ್ರ ಮೊದಲನೆಯದನ್ನು ಮಾತ್ರ ಕಂಡಿತು. ಆದರೂ ಕೊನೆಯ ಹತ್ತು ನಿಮಿಷದ ಕೋಲ ನೋಡುವಾಗ ಈ ಲೆಕ್ಕವೆಲ್ಲ ನನಗೆ ಮರೆತುಹೋಗುತ್ತದೆ, ಅದನ್ನೂ ಹೇಳಬೇಕು. ಅಷ್ಟು ಶಕ್ತಿ ಇರುವುದರಿಂದಲೇ ಲೆಕ್ಕ ಕೇಳಬೇಕಾಗಿ ಬರುವುದು.

2025ರ ಅಕ್ಟೋಬರಿನ ‘ಅಧ್ಯಾಯ 1’ರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕದಂಬರ ಕಾಲ, ದೊಡ್ಡ ಕೋಟೆ, ದೊಡ್ಡ ಯುದ್ಧ. ಒಂದು ಊರಿನ ಗಡಿ ಕಾಯುವ ದೈವ ಇಡೀ ಪುರಾಣವಾಗಿ ಬೆಳೆದಾಗ ಊರು ಕಾಣಿಸುವುದಿಲ್ಲ. ಪ್ರೇಕ್ಷಕರು ಚಿತ್ರಮಂದಿರದಲ್ಲಿ ದೈವದ ಅನುಕರಣೆ ಮಾಡಬಾರದು ಅಂತ ನಿರ್ಮಾಣ ಸಂಸ್ಥೆಯೇ ಮನವಿ ಮಾಡಬೇಕಾಯಿತು. ದೈವ ಕಟ್ಟುವ ಕುಟುಂಬಗಳಿಗೆ ಇದು ಗೌರವದ ಪ್ರಶ್ನೆಯಷ್ಟೇ ಅಲ್ಲ, ಅವರ ವ್ರತ, ಹಕ್ಕು, ಹೊಟ್ಟೆಪಾಡಿನ ಪ್ರಶ್ನೆಯೂ ಹೌದು.

ಈಗ ಪ್ರಶ್ನೆಗಳು. ಸೊಲ್ಲಾಪುರದ ಕಡೆಯಿಂದ ಒಬ್ಬ ವಿದ್ಯಾರ್ಥಿನಿ ಕೇಳಿದ್ದಾರೆ: ‘ಸರ್, ನಮ್ಮ ಕಡೆ ಇಂಥ ಸಿನಿಮಾ ಯಾಕೆ ಬರಲಿಲ್ಲ?’ ನೋಡಮ್ಮಾ, ಕರಾವಳಿಯಲ್ಲಿ ರಂಗಭೂಮಿ ಉಂಟು, ನಾಟಕ ತಂಡಗಳಿಂದ ನಟರು ಬರುತ್ತಾರೆ. ಈ ನಿರ್ದೇಶಕರ ಚಿತ್ರಗಳಲ್ಲಿ ಕಾಣಿಸಿಕೊಂಡ ಪ್ರಕಾಶ್ ತೂಮಿನಾಡು ಅವರ ಹೆಸರಿನಲ್ಲಿರುವ ತೂಮಿನಾಡು ಮಂಜೇಶ್ವರದ್ದೇ. ನಿಮ್ಮಲ್ಲಿಯೂ ಸಣ್ಣಾಟ, ದೊಡ್ಡಾಟ, ಭಜನೆಯ ಮೇಳ, ನೇಕಾರರ ಓಣಿಗಳ ಮೂರು ಭಾಷೆಯ ಮಾತು ಉಂಟು. ಕತೆಗೆ ಕೊರತೆಯಿಲ್ಲ. ನೀವು ಬೆಂಗಳೂರಿನವರಿಗಾಗಿ ಕಾಯಬೇಡಿ, ಫೋನಿನಲ್ಲಿ ಶುರುಮಾಡಿ.

ಕೊನೆಯ ಪ್ರಶ್ನೆ ನಮ್ಮದೇ ವಿಭಾಗದ ಹಿರಿಯರೊಬ್ಬರದು: ‘ತರಗತಿಯಲ್ಲಿ ತೋರಿಸುವುದಾದರೆ ಈ ಎರಡರಲ್ಲಿ ಯಾವುದು?’ ಶಾಲೆಯ ಚಿತ್ರ. ಅದರಲ್ಲೂ ಗಣಿತದ ಪಾಠದ ದೃಶ್ಯವೊಂದೇ ಸಾಕು. ಅದನ್ನು ನಮ್ಮ ಕನ್ನಡ ವಿದ್ಯಾರ್ಥಿಗಳಿಗಿಂತ ಮೊದಲು ಮಲಯಾಳಂನಲ್ಲಿ ಓದುತ್ತಿರುವ ಶಿಕ್ಷಕ ತರಬೇತಿಯ ವಿದ್ಯಾರ್ಥಿಗಳಿಗೆ ತೋರಿಸಬೇಕು ಅಂತ ನನ್ನ ಆಸೆ. ಮೇಷ್ಟ್ರ ಮಾತು ಅವರಿಗೆ ಪೂರ್ತಿ ಅರ್ಥವಾಗುತ್ತದೆ, ಮಕ್ಕಳದ್ದು ಅರ್ಥವಾಗುವುದಿಲ್ಲ. ಉಪಶೀರ್ಷಿಕೆ ಹಾಕದೆ ತೋರಿಸಿ.